ಮೊದಲ ವರ್ಷದ ಕಾರ್ಡು

ಪುಂಡಲೀಕನು ನದೀತೀರದ ಆಶ್ರಮಕ್ಕೆ ಬರುವಾಗ ಸರ್ವಸ್ವವನ್ನೂ ತ್ಯಜಿಸಿ ಬಂದಿದ್ದನು, ಒಂದು ಕಾರ್ಡಿನ ಹೊರತು.

ಹಿಂದೆ ಮಿಠಾಯಿಯ ಪೊಟ್ಟಣಗಳೊಳಗೆ ಕ್ರಿಕೆಟ್ ಆಟಗಾರರ ಚಿತ್ರವಿರುವ ಕಾರ್ಡುಗಳು ಬರುತ್ತಿದ್ದವು. ಆಟಗಾರನು ಕಣಕ್ಕಿಳಿದ ಮೊದಲ ವರ್ಷದ ಕಾರ್ಡಿಗೆ ಸಂಗ್ರಾಹಕರಲ್ಲಿ ವಿಶೇಷ ಮನ್ನಣೆ. ಪುಂಡಲೀಕನಲ್ಲಿದ್ದುದು ಕಲಕೇರಿ ವಾಸುದೇವರದು. ಅವರು ಎರಡೇ ವರ್ಷ ಆಡಿ, ಭುಜ ಮುರಿದುಕೊಂಡು, ಜನರ ನೆನಪಿನಿಂದ ಸರಿದುಹೋದವರು. ಆದ್ದರಿಂದಲೇ ಆ ಕಾರ್ಡು ದುರ್ಲಭವಾಗಿತ್ತು.

"ಇದೊಂದನ್ನು ಏಕೆ ಬಿಡಲಿಲ್ಲ?" ಎಂದು ಗುರುಗಳಾದ ಚಿದ್ಘನರು ಕೇಳಿದರು.

"ಇದರಂಥದು ಮತ್ತೊಂದಿಲ್ಲ, ಗುರುಗಳೇ. ಇಷ್ಟು ಕಾಲ ಕಳೆದರೂ ನಾಲ್ಕು ಮೂಲೆಗಳೂ ಮೊನಚಾಗಿವೆ. ಮಡಿಕೆಯಿಲ್ಲ, ಕಲೆಯಿಲ್ಲ. ಪರೀಕ್ಷಕರು ಉತ್ತಮೋತ್ತಮವೆಂದು ನಿರ್ಣಯಿಸಿ, ಗಾಜಿನಂಥ ಡಬ್ಬಿಯಲ್ಲಿಟ್ಟು ಮುದ್ರೆಯೊತ್ತಿದ್ದಾರೆ."

"ಮಕ್ಕಳಿಗೆಂದು ಮಾಡಿದ್ದಲ್ಲವೇ?"

"ಮಕ್ಕಳ ಕೈಗೆ ಸಿಕ್ಕಿದ್ದರೆ ಹೀಗೆ ಉಳಿಯುತ್ತಿರಲಿಲ್ಲ."

"ಸರಿ, ಇಟ್ಟುಕೊ" ಎಂದರು ಗುರುಗಳು.

ಮಾಗಿಯ ಒಂದು ಬೆಳಿಗ್ಗೆ ಒಬ್ಬ ವೃದ್ಧರು ಹರಿಗೋಲಿನಲ್ಲಿ ಹೊಳೆ ದಾಟಿ ಬಂದರು. ಜಗಲಿಯಲ್ಲಿ ಪುಂಡಲೀಕನು ಅವರೆಕಾಯಿ ಸುಲಿಯುತ್ತಿದ್ದನು. ವೃದ್ಧರು ಎದುರಿಗೆ ಕುಳಿತು ತಾವೂ ಸುಲಿಯತೊಡಗಿದರು.

"ನಿನ್ನಲ್ಲೊಂದು ಕಾರ್ಡು ಇದೆಯಂತಲ್ಲ, ತಮ್ಮಾ. ಒಮ್ಮೆ ನೋಡಲೇ?"

"ಬಿಸಿಲು ತಾಗಿದರೆ ಬಣ್ಣ ಮಾಸುತ್ತದೆ, ಅಜ್ಜಾರೇ."

"ಒಳಗಿನ ಕೋಣೆಗೆ ಹೋಗೋಣ. ಅಲ್ಲಿ ಸೂರ್ಯನಿಗೂ ಪ್ರವೇಶವಿಲ್ಲ."

"ಡಬ್ಬಿ ಕೈಜಾರಿ ಬಿದ್ದೀತು."

"ನಾನು ಮುಟ್ಟುವುದಿಲ್ಲ. ನೀನೇ ಹಿಡಿದಿರು, ಬೇಕಾದರೆ ನಾನು ಬೆನ್ನ ಹಿಂದೆ ಕೈಕಟ್ಟಿ ನಿಲ್ಲುತ್ತೇನೆ, ಮೇಷ್ಟ್ರ ಎದುರು ನಿಂತಂತೆ."

"ಕ್ಷಮಿಸಬೇಕು. ಯಾರಿಗೂ ಅದನ್ನು ಬಿಚ್ಚಿ ತೋರಿಸುವ ರೂಢಿಯಿಲ್ಲ."

ವೃದ್ಧರು ಒಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದರು.

"ಹಾಗಾದರೆ ಇಷ್ಟು ಹೇಳು. ಆ ಹುಡುಗ ನಗುತ್ತಿದ್ದಾನೆಯೇ?"

ಪುಂಡಲೀಕನು ತಡವರಿಸಿದನು. "ಚಿತ್ರ ನಟ್ಟನಡುವೆ ಇದೆ. ಸುತ್ತಲಿನ ಅಂಚು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ."

"ಅಷ್ಟಾದರೂ ಆಯಿತಲ್ಲ. ಮೈದಾನದಲ್ಲಿ ಅವನು ಹೇಳಿದ ಜಾಗದಲ್ಲಿ ನಿಂತವನೇ ಅಲ್ಲ" ಎಂದು ವೃದ್ಧರು ನಕ್ಕರು.

ಊಟವಾಯಿತು. ಅವರು ಗುರುಗಳಿಗೆ ಕೈಮುಗಿದು ಹೊಳೆಯ ಕಡೆಗೆ ಹೊರಟುಹೋದರು.

ಮೊರ ತೊಳೆದಿಟ್ಟು ಬಂದ ಶಿಷ್ಯನನ್ನು ಗುರುಗಳು ಹತ್ತಿರ ಕರೆದರು.

"ಕಾರ್ಡು ತೆಗೆ."

"ಈಗಲೇ?"

"ಈಗಲೇ. ಮೂಲೆಗಳನ್ನು ಬಿಟ್ಟು ಉಳಿದದ್ದನ್ನು ನೋಡು."

ಪುಂಡಲೀಕನು ಡಬ್ಬಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ನೋಡಿದನು. ಮೀಸೆ ಆಗತಾನೇ ಚಿಗುರಿದ ತರುಣ. ನಗುತ್ತಿದ್ದನು. ಎಡಹುಬ್ಬು ಹಳೆಯ ಗಾಯವೊಂದರಿಂದ ಸೀಳಿ ಎರಡಾಗಿತ್ತು.

ಆ ಸೀಳುಹುಬ್ಬನ್ನು ಅವನು ಅಂದು ಬೆಳಿಗ್ಗೆ ಮೊರದಾಚೆ ಕಂಡಿದ್ದನು.

ಅವನು ತಲೆಯೆತ್ತಿ ಗುರುಗಳನ್ನು ನೋಡಿದನು.

"ಅವರೇ?"

"ಅವರೇ."

"ಸಹಿ ಹಾಕಿಸಿಕೊಳ್ಳಬಹುದಿತ್ತು."

ಮಾತು ಬಾಯಿಂದ ಹೊರಬಿದ್ದ ಮೇಲೆ ಪುಂಡಲೀಕನು ಅದನ್ನು ಕೇಳಿಸಿಕೊಂಡನು; ಕತ್ತಲಲ್ಲಿ ಹಾವನ್ನು ತುಳಿದವನಂತೆ ಬೆಚ್ಚಿದನು. ಅದು ತನ್ನದೇ ದನಿಯೆಂದು ನಂಬಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಗುರುಗಳು ಅದನ್ನು ಕೇಳದವರಂತೆ ಮುಂದುವರಿಸಿದರು.

"ಅವರ ಮನೆ ಹಿಂದೊಮ್ಮೆ ಬೆಂಕಿಗೆ ಹೋಯಿತು. ಆ ವಯಸ್ಸಿನ ಚಿತ್ರ ಅವರ ಬಳಿ ಒಂದೂ ಉಳಿದಿಲ್ಲ. ಹುಡುಗನಾಗಿದ್ದಾಗ ಹೇಗಿದ್ದೆ ಎಂದು ಮೊಮ್ಮಗಳು ಕೇಳುತ್ತಾಳಂತೆ. ಇಲ್ಲಿದೆಯೆಂದು ನಾನೇ ಹೇಳಿಕಳುಹಿಸಿದ್ದೆ."

ಪುಂಡಲೀಕನು ಡಬ್ಬಿಯನ್ನು ಎದೆಗವಚಿಕೊಂಡು ಹೊಳೆಗೆ ಓಡಿದನು. ಹರಿಗೋಲು ಆಚೆ ದಡದಿಂದ ಮರಳಿ ಬರುತ್ತಿತ್ತು. ಅದರಲ್ಲಿ ಅಂಬಿಗನೊಬ್ಬನೇ ಇದ್ದನು.

ಗುರುಗಳು ನಿಧಾನವಾಗಿ ನಡೆದು ಬಂದು ಪಕ್ಕದಲ್ಲಿ ನಿಂತರು.

"ನೀವಾದರೂ ನನಗೆ ಹೇಳಬಾರದಿತ್ತೇ?"

"ಹೇಳಬೇಡವೆಂದು ಅವರೇ ತಡೆದರು. ಯಾರೋ ಒಬ್ಬ ಮುದುಕನಾಗಿಯೇ ಕೇಳುತ್ತೇನೆಂದರು."

"ಕಲಕೇರಿ ವಾಸುದೇವರೆಂದು ಒಂದು ಮಾತು ತಿಳಿದಿದ್ದರೆ ಸಾಕಿತ್ತು. ಮುದ್ರೆಯನ್ನೊಡೆದು, ಕಾರ್ಡನ್ನು ಅವರ ಅಂಗೈಯಲ್ಲೇ ಇಡುತ್ತಿದ್ದೆ."

ಗುರುಗಳು ನೀರನ್ನೇ ನೋಡುತ್ತ ನುಡಿದರು:

"ಅದು ಅವರಿಗೂ ಗೊತ್ತಿತ್ತು."