ಐದೂ ನಿಜ, ಆರೂವರೆಯೂ ನಿಜ

ರುದ್ರಾಚಾರಿ ರೇಡಿಯೊ ರಿಪೇರಿಯ ಮುದುಕ. ನಲವತ್ತು ವರ್ಷದ ಕಸುಬು. ಐಟಿಐ ಮುಗಿಸಿದ ಶಶಿರೇಖಾ ಆರು ವರ್ಷದಿಂದ ಅವನ ಶಿಷ್ಯೆ.

ಒಂದು ಮಧ್ಯಾಹ್ನ ಕೋಳಿ ಸಾಕುವ ಹಸೀನಾಬಿ ಅಂಗಡಿಗೆ ಬಂದಳು. ಒಂದು ಕೈಯಲ್ಲಿ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯ ಸರ್ಕ್ಯೂಟ್. ಇನ್ನೊಂದು ಕೈಯಲ್ಲಿ ಕಂಬಳಿ ಸುತ್ತಿದ ಬುಟ್ಟಿ.

“ಆಚಾರ್ರೇ, ಪೆಟ್ಟಿಗೆ ಕುದೀತಾ ಇದೆ. ಮೊಟ್ಟೆ ಹೊರಗೆ ತೆಗ್ದೀನಿ. ಇಪ್ಪತ್ತು ದಿನದ ಕಾವು. ಸಂಜೆವರೆಗೂ ತಡೆಯೋದಿಲ್ಲ ಇವು.”

ಸರ್ಕ್ಯೂಟಿನಲ್ಲಿ ಮೂರು ಕಾಲಿನ ಒಂದು ರೆಗ್ಯುಲೇಟರ್. ಹನ್ನೆರಡು ವೋಲ್ಟ್ ತೆಗೆದುಕೊಂಡು ಐದು ಕೊಡುವುದು ಅದರ ಕೆಲಸ. ನಡುಗಾಲು ಅದರ ನೆಲ; ಐದನ್ನು ಅದು ಅಲ್ಲಿಂದಲೇ ಎಣಿಸುತ್ತದೆ. ಐದು ತಪ್ಪಿದರೆ ಪೆಟ್ಟಿಗೆಗೆ ತನ್ನ ಬಿಸಿಯೇ ತಿಳಿಯದು.

ಶಶಿರೇಖಾ ಮೀಟರಿನ ಕಪ್ಪು ವೈರನ್ನು ಸರ್ಕ್ಯೂಟ್ ಕೂರಿಸಿದ ತಗಡಿನ ಚೌಕಟ್ಟಿಗೆ ಸಿಕ್ಕಿಸಿದಳು. ಕೆಂಪು ವೈರನ್ನು ರೆಗ್ಯುಲೇಟರಿನ ಕೊನೆಯ ಕಾಲಿಗೆ ಮುಟ್ಟಿಸಿದಳು.

“ಆರೂವರೆ ಬರ್ತಿದೆ ಮೇಷ್ಟ್ರೇ.”

ಆಚಾರಿ ಮೀಟರ್ ಕಸಿದುಕೊಂಡ. ಕಪ್ಪು ವೈರನ್ನು ರೆಗ್ಯುಲೇಟರಿನ ನಡುಗಾಲಿಗೇ ಹಿಡಿಯುವುದು ಅವನ ಹಳೆಯ ರೂಢಿ.

“ಐದು. ಕಣ್ಣು ತೊಳ್ಕೊಂಡು ಬಾ.”

ಅವಳು ಹೊಸ ರೆಗ್ಯುಲೇಟರ್ ಹಾಕಿದಳು. ಅವಳಿಗೆ ಮತ್ತೆ ಆರೂವರೆ. ಅವನಿಗೆ ಮತ್ತೆ ಐದು.

“ಐಟಿಐನಲ್ಲಿ ಇದನ್ನೇ ಕಲಿಸಿದ್ರಾ?” ಎಂದ ಆಚಾರಿ.

“ನೀವು ಜಗಳ ಮುಗಿಸಿ. ಅಲ್ಲೀವರೆಗೂ ನಾನೇ ಕೋಳಿ,” ಎಂದು ಹಸೀನಾಬಿ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಸೆರಗು ಮುಚ್ಚಿದಳು.

ಬಿಸಿಲು ಹೆಂಚಿನ ಸಂದಿಯಿಂದ ಇಳಿದಿತ್ತು. ಬೆಸುಗೆಯ ಹೊಗೆ ಅದರಲ್ಲಿ ನಿಧಾನವಾಗಿ ಸುತ್ತುತ್ತಿತ್ತು. ನೋಡುತ್ತಾ ನೋಡುತ್ತಾ ಆಚಾರಿಯ ರೆಪ್ಪೆ ಕೂಡಿತು.

ಅವನು ಚಿಕ್ಕವನಾಗಿದ್ದ. ಗೋಡೆಗೆ ಒರಗಿ ನಿಂತಿದ್ದ. ಅವ್ವ ಅವನ ನೆತ್ತಿಯ ಮಟ್ಟಕ್ಕೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದಳು. ಗೆರೆ ಬಾಗಿಲಿನ ಮೇಲಕ್ಕೆ ಹೋಯಿತು. ಸೂರಿನ ಹತ್ತಿರ ಹೋಯಿತು.

“ಅವ್ವಾ, ಇಷ್ಟು ಬೆಳೆದೆನಾ?”

“ಎಲ್ಲಿ ಬೆಳೆದೆಯೋ ಮರುಳೇ. ಕಾಲ ಕೆಳಗೆ ನೋಡು.”

ನೋಡಿದ. ಕಾಲ ಕೆಳಗೆ ನೆಲವಿರಲಿಲ್ಲ. ಅರಳೆಯ ಮೂಟೆಯೊಂದು ಮೋಡದ ಹಾಗೆ ಅವನನ್ನು ಎತ್ತಿ ಹಿಡಿದಿತ್ತು.

ಆಚಾರಿ ಎದ್ದು ಕೂತ. ಒಂದು ವೈರನ್ನು ನಡುಗಾಲಿಗೆ, ಇನ್ನೊಂದನ್ನು ಚೌಕಟ್ಟಿಗೆ ಹಿಡಿದ. ಅಲ್ಲಿ ಸೊನ್ನೆ ಇರಬೇಕು.

ಒಂದೂವರೆ ಇತ್ತು.

ನಡುಗಾಲನ್ನು ಚೌಕಟ್ಟಿಗೆ ಸೇರಿಸುವ ತಂತಿಯ ಸ್ಕ್ರೂ ಕೋಳಿಗೂಡಿನ ತೇವಕ್ಕೆ ತುಕ್ಕು ಹಿಡಿದಿತ್ತು. ರೆಗ್ಯುಲೇಟರ್ ಐದನ್ನೇ ಕೊಡುತ್ತಿತ್ತು. ಅದರ ನೆಲವೇ ಒಂದೂವರೆ ಮೇಲೇರಿತ್ತು.

“ನಿನ್ನ ಲೆಕ್ಕ ಸರಿ ಇತ್ತು ಕಣಮ್ಮ,” ಎಂದ. “ನಂದೂ ಸರಿ ಇತ್ತು. ನೀನು ಎಲ್ಲಿ ಹಿಡಿದೆ ಅಂತ ನಾನು ನೋಡಲೇ ಇಲ್ಲ.”

ಶಶಿರೇಖಾ ತುಕ್ಕು ಕೆರೆದು ಸ್ಕ್ರೂ ಬಿಗಿದಳು. ಈಗ ಚೌಕಟ್ಟಿನಿಂದ ಅಳೆದರೂ ಐದು.

ಹಸೀನಾಬಿ ಒಂದು ಮೊಟ್ಟೆಯನ್ನು ಆಚಾರಿಯ ಕಿವಿಗೆ ಹಿಡಿದಳು. ಅದು ಇನ್ನೂ ಬೆಚ್ಚಗಿತ್ತು. ಒಳಗೆ ಯಾರೋ ಮೆಲ್ಲಗೆ ಕುಟುಕುತ್ತಿದ್ದರು.

“ಹೋಗು, ಬೇಗ ಹೋಗು,” ಎಂದ ಆಚಾರಿ.

ನೀತಿ: ಒಂದನ್ನೇ ಇಬ್ಬರು ಅಳೆದು ಎರಡು ಉತ್ತರ ಬಂದರೆ, ಸುಳ್ಳುಗಾರನನ್ನು ಹುಡುಕುವ ಮೊದಲು ಯಾರು ಎಲ್ಲಿಂದ ಅಳೆದರೆಂದು ನೋಡಿ.