ನೀಲಮ್ಮ ತಿಳಿಮಾಡಿದ ನೀರು

“ಅಜ್ಜನವರೇ, ಎಷ್ಟು ಹೊತ್ತು ಕೂತರೂ ನನ್ನ ಮನಸ್ಸು ನಿಲ್ಲುವುದಿಲ್ಲ. ನೀವು ಬಲ್ಲವರು. ನನಗಾಗಿ ನೀವೇ ಜಪ ಮಾಡಿದರೆ ಸಾಲದೇ?” ಎಂದು ಶಿಷ್ಯ ಮರುಳಯ್ಯ ಕೇಳಿದ.

ಮಠದ ಹಿರಿಯ ಸ್ವಾಮಿಗಳನ್ನು ಎಲ್ಲರೂ ಅಜ್ಜನವರೆಂದೇ ಕರೆಯುತ್ತಿದ್ದರು. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ಹೆಂಡತಿ ನೀಲಮ್ಮನಿಗೆ ಲಕ್ವ ಹೊಡೆದು ಬಲಗಾಲು ಸೋತಿತು. ದಿನವೂ ನೀರಿನಲ್ಲಿ ನಡೆಯಬೇಕು, ಬಿಟ್ಟರೆ ಕಾಲು ಬಿಗಿದುಹೋಗುತ್ತದೆ ಎಂದರು ವೈದ್ಯರು. ವ್ಯಾಪಾರಿ ಹಿತ್ತಲಲ್ಲಿ ಎದೆಮಟ್ಟದ ಈಜುಕೊಳ ಕಟ್ಟಿಸಿದ. ಅದರ ಆರೈಕೆಗೆ ಯಮನೂರಪ್ಪ ಎಂಬವನನ್ನು ಗೊತ್ತುಮಾಡಿದ. ಅವನು ವಾರಕ್ಕೆರಡು ಸಲ ಬರುತ್ತಿದ್ದ, ಏನೋ ಹಾಕುತ್ತಿದ್ದ, ಏನೋ ತಿರುಗಿಸುತ್ತಿದ್ದ, ಹೋಗುತ್ತಿದ್ದ. ಅವನು ಏನು ಮಾಡುತ್ತಾನೆಂದು ನೀಲಮ್ಮ ಒಂದು ದಿನವೂ ಕೇಳಲಿಲ್ಲ. ನೀರು ತಿಳಿಯಾಗಿತ್ತು. ಆಕೆ ಅದರಲ್ಲಿ ನಲವತ್ತು ಹೆಜ್ಜೆ ನಡೆಯುತ್ತಿದ್ದಳು. ದಡಕ್ಕೆ ಬಂದರೆ ಮಾತ್ರ ಗಂಡನ ಹೆಗಲು ಬೇಕಿತ್ತು.

ಒಂದು ಬೇಸಿಗೆಯಲ್ಲಿ ಯಮನೂರಪ್ಪ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಎರಡೇ ವಾರದಲ್ಲಿ ಕೊಳ ಹಸಿರುಗಟ್ಟಿತು. ಗೋಡೆಗೆ ಪಾಚಿ ಹತ್ತಿತು, ತಳ ಕಾಣದಾಯಿತು. ವ್ಯಾಪಾರಿ ಬೇರೊಬ್ಬನನ್ನು ಕರೆತಂದ. ಅವನು ಇಣುಕಿ ನೋಡಿ, “ಇದನ್ನೆಲ್ಲ ಚೆಲ್ಲಿ ಹೊಸ ನೀರು ತುಂಬಿಸಬೇಕು” ಎಂದ. ಊರಲ್ಲಿ ಕುಡಿಯುವ ನೀರಿಗೇ ಪರದಾಟವಿತ್ತು. ಕೊಳಕ್ಕೆ ಯಾರು ಕೊಡುತ್ತಾರೆ?

ನೀಲಮ್ಮನ ಕಾಲು ಬಿಗಿಯತೊಡಗಿತು. ಮೊದಲು ಹಿಮ್ಮಡಿ, ಆಮೇಲೆ ಮೊಣಕಾಲು. ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲು ಇಬ್ಬರು ಬೇಕಾದರು. ಅಂದು ಆಕೆಗೆ ಭಯವಾಯಿತು. ಭಯದ ಬೆನ್ನಿಗೇ ಸಿಟ್ಟು ಬಂತು. ತಾನು ದಿನವೂ ಇಳಿಯುವ ನೀರಿನ ಬಗ್ಗೆ ತನಗೆ ಏನೂ ಗೊತ್ತಿಲ್ಲವಲ್ಲ ಎಂಬ ಸಿಟ್ಟು.

“ಕೊಳದ ಪಕ್ಕ ಒಂದು ಸ್ಟೂಲು ಹಾಕಿಸಿ” ಎಂದಳು ಗಂಡನಿಗೆ.

“ನಿನ್ನ ಕೈಲಾಗುವ ಕೆಲಸವೇ ಇದು? ಇನ್ನೊಬ್ಬರನ್ನು ಹುಡುಕುತ್ತೇನೆ, ತಡೆ.”

“ನೀವು ಹುಡುಕುತ್ತಿರಿ. ಅಲ್ಲಿಯವರೆಗೆ ನಾನು ಸುಮ್ಮನೆ ಕೂರಲಾರೆ.”

ಸ್ಟೂಲಿನ ಮೇಲೆ ಕೂತು, ಉದ್ದ ಕೋಲಿನ ಬ್ರಷ್ಷಿನಿಂದ ಗೋಡೆ ಉಜ್ಜಿದಳು. ಕೈಗೆ ಸಿಕ್ಕ ಕ್ಲೋರಿನ್ ಪುಡಿ ಹಾಕಿಸಿದಳು. ನೀರು ಹಸಿರು ಬಿಟ್ಟು ಸುಣ್ಣ ಕಲಸಿದ ನೀರಿನಂತೆ ಬೆಳ್ಳಗಾಯಿತು. ಮತ್ತೆ ಹಾಕಿಸಿದಳು. ಇನ್ನಷ್ಟು ಮಬ್ಬಾಯಿತು. ಕಣ್ಣಲ್ಲಿ ನೀರು ಬಂತು. ಕೊನೆಗೆ ಯಮನೂರಪ್ಪನಿಗೇ ಫೋನು ಮಾಡಿದಳು.

“ಅವ್ವಾ, ಪುಡಿ ಸುರಿದರೆ ಆಗುವುದಿಲ್ಲ. ಮೊದಲು ನೀರು ಏನು ಕೇಳುತ್ತಿದೆ ನೋಡಿ” ಎಂದ ಅವನು. ಗಾಜಿನ ನಳಿಗೆಯಲ್ಲಿ ನೀರು ತುಂಬಿ, ನೀರು ಪರೀಕ್ಷಿಸುವ ಔಷಧ ನಾಲ್ಕು ಹನಿ ಬಿಟ್ಟು, ಬಂದ ಬಣ್ಣವನ್ನು ಪಟ್ಟಿಯ ಬಣ್ಣಗಳೊಂದಿಗೆ ಹೋಲಿಸಿ ನೋಡುವುದನ್ನು ಹೇಳಿಕೊಟ್ಟ. ನೀರಿನಲ್ಲಿ ಕ್ಷಾರ ಹೆಚ್ಚಾಗಿತ್ತು. ಅದು ಇಳಿಯದೆ ಪುಡಿ ಕೆಲಸ ಮಾಡದು. ಆಮ್ಲವನ್ನು ಎಷ್ಟು ನೀರಿಗೆ ಬೆರೆಸಬೇಕು, ಯಾವ ಮೂಲೆಯಿಂದ ಬಿಡಬೇಕು, ಫಿಲ್ಟರಿನ ಮರಳನ್ನು ಹೇಗೆ ತೊಳೆಯಬೇಕು, ಎಲ್ಲವನ್ನೂ ಕೇಳಿ ಬರೆದುಕೊಂಡಳು.

ಅವನು ಹೇಳಿದಂತೆಯೇ ಮಾಡುತ್ತ ದಿನವೂ ಉಜ್ಜಿದಳು. ಒಂದು ಬದಿ ಮುಗಿದರೆ ಸ್ಟೂಲನ್ನು ಮುಂದಕ್ಕೆ ಎಳೆದುಕೊಳ್ಳುವಳು. ಕೂತು ಉಜ್ಜಿದರೆ ತಳ ಎಟುಕದು. ಹಾಗಾಗಿ ಕೊಳದಂಚಿನ ಕಂಬಿ ಹಿಡಿದು ನಿಂತಳು. ನಿಂತರೆ ಸಾಲದು, ಕೋಲಿನ ಜೊತೆ ಸರಿಯಬೇಕು. ಸರಿದಳು. ಮೈಯೆಲ್ಲ ನೋವು. ಮರುದಿನ ಮತ್ತೆ ಅದೇ ನೋವಿನಲ್ಲೇ ಎದ್ದಳು.

ಹದಿನೇಳನೆಯ ದಿನ ಬೆಳಿಗ್ಗೆ ನೀರಿನಡಿಯಲ್ಲಿ ತಳದ ಟೈಲ್ಸಿನ ಗೆರೆಗಳು ಕಂಡವು. ಒಂದಲ್ಲ, ಆ ತುದಿಯಿಂದ ಈ ತುದಿಯವರೆಗೆ ಎಲ್ಲ ಗೆರೆಗಳೂ. ನೀಲಮ್ಮ ಗಂಡನನ್ನು ಕೂಗಿದಳು. ಅವನು ಓಡಿಬಂದ. ಅವನು ನೀರನ್ನು ನೋಡಲೇ ಇಲ್ಲ, ಹೆಂಡತಿಯನ್ನೇ ನೋಡಿದ. ಸ್ಟೂಲು ಕೊಳದ ಆಚೆ ಬದಿಯಲ್ಲಿತ್ತು. ಆಕೆ ಈಚೆ ಬದಿಯಲ್ಲಿ ಎರಡೂ ಕೈಯಲ್ಲಿ ಕೋಲು ಹಿಡಿದು, ಯಾರ ಆಸರೆಯೂ ಇಲ್ಲದೆ ನಿಂತಿದ್ದಳು. ತಾನು ಅಷ್ಟು ದೂರ ನಡೆದು ಬಂದದ್ದು ಆಕೆಗೂ ಆಗಲೇ ತಿಳಿದದ್ದು. ಜೋರಾಗಿ ನಕ್ಕಳು. ಉಟ್ಟ ಸೀರೆಯಲ್ಲೇ ನೀರಿಗಿಳಿದು ನಲವತ್ತಲ್ಲ, ನೂರು ಹೆಜ್ಜೆ ಹಾಕಿದಳು.

ಎರಡು ತಿಂಗಳ ಮೇಲೆ ಯಮನೂರಪ್ಪ ಕುಂಟುತ್ತ ಬಂದ. ನಳಿಗೆಯಲ್ಲಿ ನೀರು ತುಂಬಿ ಬೆಳಕಿಗೆ ಹಿಡಿದ. “ನಾನಿದ್ದಾಗಲೂ ಇಷ್ಟು ಚೆನ್ನಾಗಿರಲಿಲ್ಲ ಅವ್ವಾ. ಇನ್ನು ನನ್ನ ಕೆಲಸ ಮುಗಿದ ಹಾಗೆ” ಎಂದ.

“ಯಾಕೆ ಮುಗಿಯುತ್ತದೆ? ಸಂಬಳ ಹಿಂದಿನದೇ. ಆದರೆ ಬ್ರಷ್ಷು ಮುಟ್ಟಬೇಡ. ನನ್ನ ಪಕ್ಕ ನಿಂತು, ನಾನು ಎಲ್ಲಿ ತಪ್ಪುತ್ತೇನೋ ಅದನ್ನು ಹೇಳು” ಎಂದಳು ನೀಲಮ್ಮ.

ಅಜ್ಜನವರು ಇಲ್ಲಿಗೆ ನಿಲ್ಲಿಸಿದರು.

“ಹಾಗಾದರೆ ನನಗೆ ನೀವು ಬೇಡವೆನ್ನುತ್ತೀರಾ?” ಎಂದ ಮರುಳಯ್ಯ.

“ಯಮನೂರಪ್ಪ ಈಗಲೂ ಆ ಮನೆಗೆ ಹೋಗುತ್ತಾನಪ್ಪ, ನೀನು ನನ್ನನ್ನು ಯಾವ ಕೆಲಸಕ್ಕೆ ಕರೆಯುತ್ತಿದ್ದೀಯ?”

ಮರುಳಯ್ಯ ಜಪಮಾಲೆ ಕೈಗೆತ್ತಿಕೊಂಡು ಅಜ್ಜನವರ ಪಕ್ಕ ಕೂತ, ತಾನೇ ಎಣಿಸತೊಡಗಿದ.