ನಾಲ್ಕು ಕೊಡದ ಸಿಟ್ಟು

"ಕೇಳಿ, ಕೇಳಿ! ಸಿಡಿಲುಕೋಟೆಯ ಪ್ರಜೆಗಳೆಲ್ಲ ಕೇಳಿ! ಅರಸುಕುಮಾರಿ ಕನಕಾಂಬೆಯ ಮೂರು ಒಗಟು ಬಿಡಿಸಿದವನಿಗೆ ಅವಳ ಕೈ, ಅರ್ಧ ರಾಜ್ಯ. ತಪ್ಪಿದವನ ತಲೆ ಸೂರ್ಯ ಮುಳುಗುವಾಗ ನೆಲಕ್ಕೆ! ಯಾರು ಬೇಕಾದರೂ ಬರಬಹುದು!"

ಡಂಗುರದ ಆ ಕೊನೆಯ ಮಾತೇ ನನಗೆ ಸರಿಬರಲಿಲ್ಲ. ಯಾರು ಬೇಕಾದರೂ ಎಂದರೇನು? ನಾನು ಆಸ್ಥಾನ ಪಂಡಿತರ ಮಗ ತ್ರಿವಿಕ್ರಮ, ಕನಕಾಂಬೆಯ ಪಕ್ಕದಲ್ಲಿ ಕೂತು ಅಕ್ಷರ ತಿದ್ದಿದವನು. ಅವಳು ನನ್ನವಳೆಂದು ಏಳನೆಯ ವಯಸ್ಸಿನಲ್ಲೇ ತೀರ್ಮಾನಿಸಿದ್ದೆ. ಅವಳನ್ನು ಕೇಳಿರಲಿಲ್ಲ, ಅಷ್ಟೆ.

ನಮ್ಮೂರಲ್ಲಿ ಸಿಡಿಲನ್ನು ತಾಮ್ರದ ಕೊಡಗಳಲ್ಲಿ ಹಿಡಿದಿಡುತ್ತಾರೆ. ಅರಮನೆಯ ನೆನಪಿನ ಯಂತ್ರ ನಡೆಯುವುದು ಅದರಿಂದಲೇ. ಕೊಡ ಬರಿದಾದರೆ ಯಂತ್ರ ಎಲ್ಲ ಮರೆಯುತ್ತದೆ. ಬೆಳಗೆದ್ದು ರಾಜರ ಹೆಸರಿನಿಂದ ಶುರುಮಾಡಿ ಮತ್ತೆ ಕಲಿಸಬೇಕು. ಕನಕಾಂಬೆ ಮಾತ್ರ, ಕೊಡ ಬರಿದಾದರೂ ಮರೆಯದ ಬಿಲ್ಲೆಯೊಂದನ್ನು ಮಾಡಿದ್ದಳು, ಉಗುರಿನಷ್ಟು ಚಿಕ್ಕದು. ಅದರ ಗುಟ್ಟು ತಿಳಿಯದವನನ್ನು ಮದುವೆಯಾಗುವುದಿಲ್ಲ ಎಂಬುದು ಅವಳ ಹಟ. ತಪ್ಪಿದರೆ ತಲೆ ಎಂಬುದು ಅವಳಪ್ಪನ ಹಟ.

ಮೊದಲು ನಿಂತವನು ದಳವಾಯಿಯ ಮಗ ವೀರರಾಜ. ಕನಕಾಂಬೆ ಬಿಲ್ಲೆ ಎತ್ತಿ ಹಿಡಿದಳು. "ಇದರೊಳಗೆ ಎರಡು ತಗಡುಗಳ ನಡುವೆ ಒಂದು ತೆಳು ಗೋಡೆ. ಅದು ಸಿಡಿಲನ್ನು ಬಿಡುವುದಿಲ್ಲ. ಒತ್ತಡ ಹೆಚ್ಚಿಸಿದರೆ ಗೋಡೆಯಲ್ಲಿ ದಾರಿ ಹುಟ್ಟುತ್ತದೆ. ಗೋಡೆ ಒಡೆಯುವುದಿಲ್ಲ, ಸವೆಯುವುದಿಲ್ಲ, ಹೊರಗಿನಿಂದ ಯಾರೂ ಬರುವುದಿಲ್ಲ. ದಾರಿ ಮಾಡಿದವರು ಯಾರು?"

"ಸಿಡಿಲೇ ಗುದ್ದಿ ತೂತು ಮಾಡಿತು!" ಎಂದ ವೀರರಾಜ.

"ಗುದ್ದಿದರೆ ಒಡೆಯಬೇಕಿತ್ತಲ್ಲ?"

ಅವನನ್ನು ಕಂಬಕ್ಕೆ ಕಟ್ಟಿದರು. ಸುಳ್ಳೇಕೆ ಹೇಳಲಿ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ನಾನು ಶಲ್ಯ ಸರಿಮಾಡಿಕೊಂಡು, ಒಂದು ಶ್ಲೋಕ ಹೇಳಿ, "ಕಾಲ! ಕಾಲವೇ ಎಲ್ಲ ಗೋಡೆಗಳಲ್ಲೂ ದಾರಿ ಮಾಡುತ್ತದೆ," ಎಂದೆ.

"ಕಾಲ ಸವೆಸುತ್ತದೆ, ತ್ರಿವಿಕ್ರಮ. ಸವೆಯುವುದಿಲ್ಲ ಎಂದು ಈಗಷ್ಟೇ ಹೇಳಿದೆನಲ್ಲ," ಎಂದಳು. ಪಕ್ಕದ ಕಂಬಕ್ಕೆ ನನ್ನನ್ನು ಕಟ್ಟಿದರು.

ಮೂರನೆಯವನು ಬಂದಾಗ ಸಭೆಯೇ ನಕ್ಕಿತು. ಮೈಲಾರಿ, ಕಲಾಯಿಯವನು! ಪಾತ್ರೆಗಳಿಗೆ ತವರ ಹಾಕುವುದು, ಸಿಡಿಲ ಕೊಡಗಳ ಕಿಲುಬು ಉಜ್ಜುವುದು ಅವನ ಕೆಲಸ. ಮೊಣಕೈವರೆಗೆ ಮಸಿ. ಕನಕಾಂಬೆ ನಗಲಿಲ್ಲ. ಅವನ ಮಾತು ಕೇಳಲು ಸ್ವಲ್ಪ ಮುಂದಕ್ಕೆ ಬಾಗಿದಳು. ನನಗಾಗಿ ಹಾಗೆ ಬಾಗಿರಲಿಲ್ಲ.

"ದಾರಿ ಮಾಡಿದ್ದು ಎದ್ದು ಹೋದೋರು, ಅಮ್ಮಾವ್ರೇ," ಎಂದ ಮೈಲಾರಿ. "ಕಿಲುಬಂದ್ರೆ ಲೋಹದೊಳಗೆ ಗಾಳಿಯ ಕಣ ಬಂದು ಕೂತಿರೋದು. ನಿಮ್ಮ ಗೋಡೆನೂ ಅಂಥದ್ದೇ. ಸಿಡಿಲು ಜೋರಾಗಿ ಎಳೆದ್ರೆ ಕೆಲವು ಕಣ ಜಾಗ ಬಿಟ್ಟು ಒಂದು ತಗಡಿನ ಕಡೆ ಸರೀತವೆ. ಖಾಲಿ ಜಾಗಗಳು ಸಾಲಾಗಿ ಸೇರಿದ್ರೆ ಎಳೆಯಷ್ಟು ದಾರಿ."

ಕನಕಾಂಬೆ ಮುಗುಳ್ನಕ್ಕಳು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

"ಎರಡನೆಯದು. ಕೊಡ ಬರಿದಾದ ಮೇಲೂ ಬಿಲ್ಲೆ ಹೌದು, ಇಲ್ಲ ಎಂಬ ಎರಡು ಮಾತು ನೆನಪಿಡುತ್ತದೆ. ನೆನಪು ಕಾಯುವವರು ಯಾರು?"

"ಯಾರೂ ಇಲ್ಲ. ಹುಲ್ಲಲ್ಲಿ ಕಾಲುದಾರಿ ಬಿದ್ದ ಮೇಲೆ, ನಡೆದೋನು ಮನೇಗೆ ಹೋದ್ರೂ ದಾರಿ ಇರುತ್ತಲ್ಲ? ನೆನಪು ಹರಿಯೋ ಸಿಡಿಲಲ್ಲಿಲ್ಲ, ಸರಿದು ಕೂತ ಕಣದಲ್ಲಿದೆ. ದಾರಿ ಇದ್ರೆ ಹೌದು, ಕಡಿದಿದ್ರೆ ಇಲ್ಲ."

ಸೂರ್ಯ ಕೋಟೆಗೋಡೆ ಮುಟ್ಟಿದ್ದ. ಕಟುಕ ಕತ್ತಿ ಒರೆಸುತ್ತಿದ್ದ. ಆಗಲೂ ನಾನು ಕೇಳಿಕೊಂಡದ್ದು ನನ್ನ ಜೀವವನ್ನಲ್ಲ. ದೇವರೇ, ಇವನೂ ಸೋಲಲಿ, ಮೂವರೂ ಒಟ್ಟಿಗೆ ಹೋಗೋಣ ಎಂದು ಬೇಡಿಕೊಂಡೆ.

"ಕೊನೆಯದು," ಎಂದಳು ಕನಕಾಂಬೆ. "ಒಂದೇ ಕೈ ದಾರಿ ಕಟ್ಟುತ್ತದೆ, ಅದೇ ಕೈ ಕಡಿಯುತ್ತದೆ, ಅದೇ ಕೈ ದಾರಿ ಇದೆಯೋ ಇಲ್ಲವೋ ಎಂದು ಕೆಡಿಸದೆ ಕೇಳುತ್ತದೆ. ಆ ಕೈ ಮಿತಿ ಮೀರಿದರೆ ದಾರಿ ಮತ್ತೆಂದೂ ಕಡಿಯದು. ಯಾವ ಕೈ, ಹೇಗೆ?"

ಮೈಲಾರಿ ತಲೆ ಕೆರೆದುಕೊಂಡ. ನನ್ನ ಎದೆ ಹಗುರಾಯಿತು. ಅವನು ತಿರುಗಿ ನನ್ನ ಮುಖ ನೋಡಿದ.

"ಇದನ್ನ ನಾನು ಕಲಿತಿದ್ದು ಈ ಅಯ್ನೋರ ಅಂಗಳದಲ್ಲಿ," ಎಂದ. "ಹೋದ ವರ್ಷ ಅವರ ಮನೆ ಕೊಡದ ಬೆಸುಗೇಲಿ ಕಿಲುಬು ಉಜ್ಜದೆ ಬಿಟ್ಟಿದ್ದೆ. ಸಿಡಿಲು ಹರೀಲಿಲ್ಲ. ಆ ಬೆಸುಗೆಗೆ ಸಿಡಿಲು ತುಂಬಿದ ದೊಡ್ಡ ಕೊಡ ಕಟ್ಟಿದೆ, ಒತ್ತಡಕ್ಕೆ ಹರೀತು. ಮಾರನೇ ದಿನ ಚಿಕ್ಕ ಕೊಡ ಕಟ್ಟಿ ನೋಡಿದೆ, ದಾರಿ ಇನ್ನೂ ಇತ್ತು. ಆಮೇಲೆ ಮರೆತು ದೊಡ್ಡ ಕೊಡಾನ ತಿರುಗಿಸಿ, ಹಿಂದುಮುಂದಾಗಿ ಕಟ್ಟಿಬಿಟ್ಟೆ. ದಾರಿ ಕಡಿದುಹೋಯ್ತು! ಅಯ್ನೋರು ಕಪಾಳಕ್ಕೆ ಬಿಟ್ರು. ಸಿಟ್ಟಿಗೆ ಅವರೇ ನಾಲ್ಕು ಕೊಡ ಒಟ್ಟಿಗೆ ಕಟ್ಟಿದ್ರು. ಬೆಸುಗೆ ಸುಟ್ಟು ದಾರಿ ದಪ್ಪ ಆಯ್ತು. ಅದಾದ ಮೇಲೆ ಎಷ್ಟು ತಿರುಗಿಸಿ ಕಟ್ಟಿದ್ರೂ ಕಡೀಲೇ ಇಲ್ಲ. ಆ ಕೈ ಸಿಡಿಲೇ, ಅಮ್ಮಾವ್ರೇ. ಮುಂದಿನಿಂದ ಒತ್ತಿದ್ರೆ ಕಟ್ಟುತ್ತೆ. ಹಿಂದಿನಿಂದ ಒತ್ತಿದ್ರೆ ಕಣಗಳು ಜಾಗಕ್ಕೆ ವಾಪಸ್ ಬಂದು ದಾರಿ ಕಡಿಯುತ್ತೆ. ಮೆಲ್ಲಗೆ ಮುಟ್ಟಿದ್ರೆ ಬರೀ ಕೇಳುತ್ತೆ."

ಸಭೆ ಎದ್ದು ನಿಂತಿತು. ಕಪಾಳಕ್ಕೆ ಹೊಡೆದ ಆ ಅಯ್ನೋರು ನಾನೇ. ಅವನು ಕಂಡದ್ದನ್ನೆಲ್ಲ ನಾನೂ ಕಂಡಿದ್ದೆ. ನನಗೆ ಕಂಡದ್ದು ಕಲಾಯಿಯವನ ತಪ್ಪು ಮಾತ್ರ.

"ಅರ್ಧ ರಾಜ್ಯ ನಿನ್ನದು. ಇನ್ನೇನು ಬೇಕು, ಕೇಳು," ಎಂದರು ರಾಜರು.

"ಇವರಿಬ್ಬರನ್ನ ಬಿಡಿ, ಬುದ್ಧಿ. ತಪ್ಪು ಮಾಡಿದೋರ ತಲೆ ತೆಗೆಯೋದಾದ್ರೆ, ನಂದು ಆ ಅಂಗಳದಲ್ಲೇ ಹೋಗಬೇಕಿತ್ತು."

ಹಗ್ಗ ಬಿಚ್ಚಲು ಅವನೇ ಬಂದ. ಗಂಟು ಬಿಗಿದಿತ್ತು, ನನಗೆ ನೋವಾಗದ ಹಾಗೆ ನಿಧಾನವಾಗಿ ಬಿಚ್ಚಿದ. ಒಂದು ಸಲ ಕಪಾಳಕ್ಕೆ ಹೊಡೆದು ತೀರಿಸಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು! ಹೊಡೆಯಲಿಲ್ಲ.

ಅವರಿಬ್ಬರೂ ಅರಮನೆಯಲ್ಲಿ ಬಿಲ್ಲೆ ಮಾಡಿಕೊಂಡು ಸುಖವಾಗಿದ್ದಾರೆ. ನಾನು ಅವನು ಉಳಿಸಿಕೊಟ್ಟ ತಲೆ ಹೊತ್ತು ಇಲ್ಲಿ ಬದುಕಿದ್ದೇನೆ. ಅವನು ಒಳ್ಳೆಯವನೆಂದು ದಿನಕ್ಕೆ ಹತ್ತು ಸಲ ಮನಸ್ಸನ್ನು ತಿರುಗಿಸಿ ಕಟ್ಟಿ ನೋಡುತ್ತೇನೆ. ನನ್ನೊಳಗಿನ ದಾರಿ ಕಡಿಯುತ್ತಿಲ್ಲ. ನಾಲ್ಕು ಕೊಡ ಕಟ್ಟಿದವನು ನಾನೇ ಅಲ್ಲವೇ?